ನೀರುಕಾಗೆಯ ಖರ್ಚು, ನೀರೊಳ್ಳೆಯ ಮಿತವ್ಯಯ

(ಅಂಜನಾಪುರದಲ್ಲಿ ಊರವರ ಮುಂದೆ ಮಾಡಿದ ಭಾಷಣದ ಬರಹರೂಪ)



ಕುಮುದ್ವತಿಗೆ ಕಟ್ಟಿದ ನಿಮ್ಮ ಈ ಅಣೆಕಟ್ಟಿನಂಥ ನೀರಿನಲ್ಲಿ ನೀರುಕಾಗೆಯೂ ಮೀನು ಹಿಡಿಯುತ್ತದೆ, ನೀರೊಳ್ಳೆ ಹಾವೂ ಹಿಡಿಯುತ್ತದೆ. ಊಟ ಒಂದೇ, ಖರ್ಚು ಬೇರೆ. ಹೊಟ್ಟೆ ತುಂಬಿದ ಹಾವು ದಿನಗಟ್ಟಲೆ ಸುಮ್ಮನಿರಬಲ್ಲದು. ಹಕ್ಕಿ ಹಾಗಲ್ಲ, ಅದರ ಮೈ ಸದಾ 40 ಡಿಗ್ರಿಯ ಆಸುಪಾಸಿನಲ್ಲಿ ಬಿಸಿಯಾಗಿರಬೇಕು. ಸುಮ್ಮನೆ ಕುಳಿತಾಗಲೂ ಅದು ಅಷ್ಟೇ ತೂಕದ ಹಾವಿಗಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. (ನನಗೆ ತಿಂಗಳ ಕೊನೆಯ ಸಂಬಳದ ಲೆಕ್ಕ ನೆನಪಾಗುತ್ತದೆ!)

ಇಂಥ ದುಂದುಗಾರ ಜೀವಿ ವಿಕಾಸದ ಓಟದಲ್ಲಿ ಉಳಿದದ್ದು ಹೇಗೆ? ಜೀವಿಗಳ ಹೋರಾಟ ಮಣ್ಣು, ಗಾಳಿಯಲ್ಲಿರುವ ಧಾತುಗಳಿಗಾಗಿ ಅಲ್ಲ, ಬಿಸಿ ಸೂರ್ಯನಿಂದ ತಂಪು ಭೂಮಿಗೆ ಹರಿಯುವ ಶಕ್ತಿಯಿಂದ ಒದಗುವ ಅವಕಾಶಕ್ಕಾಗಿ ಎಂದು ಭೌತವಿಜ್ಞಾನಿ ಬೋಲ್ಟ್ಸ್‌ಮನ್ 1886ರಲ್ಲೇ ವಾದಿಸಿದ್ದರು. ಯಾರೂ ಬಳಸದ ಶಕ್ತಿ ಇನ್ನೂ ಉಳಿದಿರುವಲ್ಲಿ ಅದನ್ನು ಹೆಚ್ಚು ಹಿಡಿದು ಬಳಸಬಲ್ಲ ಜೀವಿಗೆ ಮೇಲುಗೈ ಎಂದವರು ಆಲ್ಫ್ರೆಡ್ ಲೋಟ್ಕಾ, 1922ರಲ್ಲಿ. ಮೈ ಬೆಚ್ಚಗಾಗಲು ಹಾವು ಬಿಸಿಲಿಗೆ ಕಾದಿರುವ ಚಳಿಯ ಬೆಳಗಿನಲ್ಲಿ ಹಕ್ಕಿ ಆಗಲೇ ಬೇಟೆಗಿಳಿದಿರುತ್ತದೆ. ಖರ್ಚು ಹೆಚ್ಚು, ದುಡಿಮೆಯೂ ಹೆಚ್ಚು.

ಉಳಿತಾಯವೇ ಇಲ್ಲವೆಂದಲ್ಲ. ನೀರುಕಾಗೆಯ ಹೊರಗರಿಗಳು ನೆನೆಯುತ್ತವೆ. ಗರಿಗಳ ನಡುವಿನ ಗಾಳಿ ಕಡಿಮೆಯಾದ್ದರಿಂದ ಮುಳುಗಿ ಈಜಲು ಶ್ರಮ ಸಾಲದು ಎನ್ನುವಂತಾಗುವುದಿಲ್ಲ. ಆಮೇಲೆ ರೆಕ್ಕೆ ಚಾಚಿ ಒಣಗಿಸಿಕೊಳ್ಳುವುದು ಅದಕ್ಕೆ ತೆರುವ ಬೆಲೆ.

ಉಷ್ಣಬಲ ವಿಜ್ಞಾನದ ಎರಡನೆಯ ನಿಯಮವನ್ನು ಕಾಲುವೆಯ ತುದಿಯಲ್ಲಿ ಗದ್ದೆಯಿರುವವರಿಗೆ ವಿವರಿಸುವುದು ಸುಲಭ. ನೀರು ದಾರಿಯುದ್ದಕ್ಕೂ ಇಂಗಿ, ಕೊನೆಗೆ ಸಿಗುವುದು ಸ್ವಲ್ಪ. ಪಾಚಿಯ ಶಕ್ತಿ ಸಣ್ಣ ಮೀನಿಗೆ, ಅಲ್ಲಿಂದ ಹಕ್ಕಿಗೆ ಸಾಗುವಾಗ ಪ್ರತಿ ಹಂತದಲ್ಲೂ ದಾಟುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಒಂದು ವ್ಯತ್ಯಾಸವುಂಟು. ಇಂಗಿದ ನೀರು ಬಾವಿಯಲ್ಲಾದರೂ ಸಿಕ್ಕೀತು. ಶಾಖವಾಗಿ ಚದುರಿದ ಶಕ್ತಿಯನ್ನು ಯಾವ ಜೀವಿಯೂ ಮರಳಿ ಉಣ್ಣಲಾರದು. ಕೆರೆಯಲ್ಲಿ ಮೀನು ಸಾವಿರವಿದ್ದರೂ ಹಕ್ಕಿ ಕೆಲವೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಪಕ್ಕದ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋದವರು ನೋಡಿರಬಹುದು: ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಮರಿಗಳ ಹಸಿವಿಗೆ ಒದಗುವಷ್ಟು ಆಹಾರ ಆಗ ಕೆರೆ, ಗದ್ದೆಗಳಲ್ಲಿರುತ್ತದೆ. ಮಳೆ ಕೈಕೊಟ್ಟರೆ ಬಿಲ ತೋಡುವ ಕಪ್ಪೆ ಮಣ್ಣಿನಡಿ ಸೇರಿ, ಖರ್ಚು ತಗ್ಗಿಸಿ ತಿಂಗಳುಗಟ್ಟಲೆ ಕಾಯುತ್ತದೆ. ದೊಡ್ಡ ಹಕ್ಕಿ ಬೇರೆ ಕೆರೆಗೆ ಹಾರುತ್ತದೆ. ರೆಕ್ಕೆ ಬಲಿಯದ ಮರಿಗೆ ಈ ಎರಡು ದಾರಿಗಳೂ ಇಲ್ಲ.