ನಿರಿಗೆಯ ಪಾಠ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಹೇಳುವವನ ಸ್ಥಾನ ಕರಿಹಲಗೆಯ ಮುಂದೆ, ಕೇಳುವವರ ಸ್ಥಾನ ಬೆಂಚುಗಳ ಮೇಲೆ. ಇದು ನನಗೆ ಅಭ್ಯಾಸವಾಗಿಹೋಗಿದ್ದ ವ್ಯವಸ್ಥೆ. ನಿವೃತ್ತನಾದ ಮೇಲೆ ಈ ಸ್ಥಾನಗಳು ಅದಲುಬದಲಾಗಬಹುದೆಂದೂ, ಅದು ದೂರದ ಹಾಂಗ್‌ಕಾಂಗಿನ ಅಡುಗೆಮನೆಯೊಂದರಲ್ಲಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿರುವಾಗ ಆಗಬಹುದೆಂದೂ ನಾನು ಎಣಿಸಿರಲಿಲ್ಲ. ಇಂದಿನ ನನ್ನ ಮಾತು ಆ ಪಾಠವನ್ನು ಕುರಿತದ್ದು.

2023ರ ನವೆಂಬರಿನಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಅವಳ ತಾಯಿ ತೀರಿಕೊಂಡು ಆಗ ಎರಡು ವರ್ಷ. ಇಪ್ಪತ್ತೇಳನೆಯ ಮಹಡಿಯ ಕಿಟಕಿಯ ಬಳಿ ಪುಸ್ತಕ ಹಿಡಿದು, ಓದದೆ ಕುಳಿತಿರುತ್ತಿದ್ದ ತಂದೆಯನ್ನು ನೋಡಿ ಅವಳಿಗೇನನ್ನಿಸಿತೋ, "ಅಪ್ಪ, ಶನಿವಾರ ನೀವು ನನ್ನ ಜೊತೆ ಒಂದು ಕ್ಲಾಸಿಗೆ ಬರಬೇಕು" ಎಂದಳು. ಯಾವ ಕ್ಲಾಸು ಎಂದು ಕೇಳಿದೆ. ಹಬೆಯಲ್ಲಿ ಬೇಯಿಸಿದ ಬನ್ನು ಮತ್ತು ಡಿಮ್ ಸಮ್ ಮಾಡುವುದನ್ನು ಪ್ರವಾಸಿಗಳಿಗೆ ಕೈಹಿಡಿದು ಕಲಿಸುವ ತರಗತಿಯಂತೆ. ಮೂರು ಗಂಟೆಯ ಪಾಠ, ಕೊನೆಯಲ್ಲಿ ತಾವು ಮಾಡಿದ್ದನ್ನು ತಾವೇ ತಿನ್ನುವುದು. ನನಗೆ ನಗು ಬಂತು. ಷಟ್ಪದಿಯಲ್ಲಿ ಬರೆದ ಪಾಕಗ್ರಂಥವಾದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದ ವಿಷಯವನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದೆ. ಅದರ ಮಾತ್ರೆಗಳನ್ನು ಎಣಿಸಿ ತೋರಿಸಿದ್ದೆ. ಆದರೆ ಮನೆಯಲ್ಲಿ ಒಲೆಯ ಮುಂದೆ ಒಂದು ಗಳಿಗೆ ನಿಂತವನಲ್ಲ.

ಮೊದಲು ಹೆಸರಿನ ವಿಷಯ. ಭಾಷೆಯ ಮೇಷ್ಟರಿಗೆ ಅದನ್ನು ಬಿಟ್ಟು ಮುಂದೆ ಹೋಗಲಾಗದು. 'ಡಿಮ್ ಸಮ್' ಎಂಬುದು ಕ್ಯಾಂಟನೀಸ್ ಉಚ್ಚಾರಣೆ. ಅದನ್ನು ಬರೆಯುವ ಎರಡು ಚೀನೀ ಅಕ್ಷರಗಳಲ್ಲಿ ಒಂದಕ್ಕೆ ಚುಕ್ಕೆ ಇಡು, ಮೆಲ್ಲನೆ ಮುಟ್ಟು ಎಂಬರ್ಥ. ಇನ್ನೊಂದಕ್ಕೆ ಹೃದಯವೆಂದು ಅರ್ಥ. ಹೊಟ್ಟೆ ತುಂಬಿಸುವ ಊಟವಲ್ಲ, ಎದೆಯನ್ನು ಸೋಕಿ ಹೋಗುವ ತಿಂಡಿ. ಇದನ್ನು ತಿನ್ನಲು ಹೋಗುವುದಕ್ಕೆ ಅವರು ಹೇಳುವ ಮಾತಂತೂ 'ಯಮ್ ಚಾ', ಎಂದರೆ ಚಹಾ ಕುಡಿಯುವುದು. ನಮ್ಮ 'ಚಹಾ'ಕ್ಕೂ ಆ 'ಚಾ'ಕ್ಕೂ ಮೂಲ ಒಂದೇ. ಅಲ್ಲಿ ಮುಖ್ಯ ಚಹಾ, ತಿಂಡಿ ಅದರ ಜೊತೆಗಾರ. ಕುಟುಂಬದವರೆಲ್ಲ ಬೆಳಗ್ಗೆ ಚಹಾ ಮಂದಿರದಲ್ಲಿ ದುಂಡು ಮೇಜಿನ ಸುತ್ತ ಸೇರುತ್ತಾರೆ. ಬಿದಿರಿನ ಪುಟ್ಟ ಬುಟ್ಟಿಗಳು ಹಬೆಯಾಡುತ್ತ ಬರುತ್ತವೆ. ಬಟ್ಟಲಿಗೆ ಒಬ್ಬರು ಚಹಾ ಬಗ್ಗಿಸಿದರೆ ಇನ್ನೊಬ್ಬರು ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟುತ್ತಾರೆ. ಮಾರುವೇಷದಲ್ಲಿ ಸಂಚರಿಸುತ್ತಿದ್ದ ಚಿಯೆನ್‌ಲುಂಗ್ ಚಕ್ರವರ್ತಿ ತನ್ನ ಸೇವಕನಿಗೆ ತಾನೇ ಚಹಾ ಬಗ್ಗಿಸಿದನಂತೆ. ಸಾಷ್ಟಾಂಗ ನಮಸ್ಕಾರ ಮಾಡಿದರೆ ಗುಟ್ಟು ರಟ್ಟಾದೀತೆಂದು ಆ ಸೇವಕ ಬೆರಳುಗಳನ್ನೇ ಮಡಿಸಿ ಮೇಜಿನ ಮೇಲೆ ನಮಸ್ಕರಿಸಿದನಂತೆ. ಇದು ದಂತಕಥೆ. ಆದರೆ ಕೃತಜ್ಞತೆಯನ್ನು ಬಾಯಿ ಬಿಡದೆ ಬೆರಳಿನಲ್ಲಿ ಹೇಳುವ ಪದ್ಧತಿ ಇಂದಿಗೂ ಉಳಿದಿದೆ.

ಅಡುಗೆಮನೆಯಲ್ಲಿ ನಾವು ಎಂಟು ಜನ ಸೇರಿದ್ದೆವು. ಕಲಿಸುವಾಕೆಗೆ ಐವತ್ತರ ಮೇಲೆ ವಯಸ್ಸು. ಚಹಾ ಮಂದಿರದ ಅಡುಗೆಮನೆಯಲ್ಲಿ ಬಹುಕಾಲ ದುಡಿದವರು. ಎಲ್ಲರೂ ಅವರನ್ನು 'ಸಿಫೂ' ಎಂದರು. ಕಸುಬು ಬಲ್ಲ ಗುರುವಿಗೆ ಅಲ್ಲಿ ಸಲ್ಲುವ ಸಂಬೋಧನೆ ಅದು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ; ನನಗೆ ಕ್ಯಾಂಟನೀಸ್ ಒಂದಕ್ಷರ ಬಾರದು. ಮಗಳು ಅಲ್ಪಸ್ವಲ್ಪ ದುಭಾಷಿಯ ಕೆಲಸ ಮಾಡಿದಳು.

ಮೊದಲಿಗೆ 'ಹಾರ್ ಗಾವ್' ಎಂಬ ಸಿಗಡಿಯ ಕಡುಬಿನ ಹೊದಿಕೆ. ನಾನು ಸಸ್ಯಾಹಾರಿಯೆಂದು ಮುಂಚಿತವಾಗಿಯೇ ತಿಳಿಸಿದ್ದುದರಿಂದ ನನ್ನ ಪಾಲಿಗೆ ಅಣಬೆ, ಗಜ್ಜರಿ, ಎಳೆ ಬಿದಿರಿನ ಹೂರಣ ಬೇರೆ ಇಟ್ಟಿದ್ದರು. ಹೊದಿಕೆಗೆ ಬೇಕಾದ್ದು ಬರಿಯ ಗೋಧಿಹಿಟ್ಟಲ್ಲ. ಅದರ ಜಿಗುಟನ್ನೆಲ್ಲ ತೊಳೆದು ತೆಗೆದ ಮೇಲೆ ಉಳಿಯುವ ಬಿಳಿಯ ಪಿಷ್ಟ. ನಮ್ಮಲ್ಲಿ ಹಾಲುಬಾಯಿಗೆ ಗೋಧಿಯನ್ನು ನೆನೆಸಿ, ರುಬ್ಬಿ, ಹಾಲು ತೆಗೆದಾಗ ಪಾತ್ರೆಯ ತಳದಲ್ಲಿ ಕೂಡುತ್ತದಲ್ಲ, ಅದೇ ವಸ್ತು. ಅದಕ್ಕೆ ಸ್ವಲ್ಪ ಮರಗೆಣಸಿನ ಪಿಷ್ಟ ಸೇರಿಸಿ, ಕುದಿಯುವ ನೀರನ್ನು ಒಂದೇ ಸಲಕ್ಕೆ ಸುರಿದು ಕಲಸಬೇಕು. ಜಿಗುಟಿಲ್ಲದ ಹಿಟ್ಟನ್ನು ಹಿಡಿದಿಡುವುದು ಆ ಬಿಸಿಯೊಂದೇ: ಕುದಿನೀರಿನಲ್ಲಿ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಬೆಂದ ಮೇಲೆ ಒಳಗಿನ ಹೂರಣ ಕಾಣುವಷ್ಟು ಪಾರದರ್ಶಕವಾಗುವುದಕ್ಕೂ ಜಿಗುಟಿಲ್ಲದಿರುವುದೇ ಕಾರಣ.

ನಾನು ನೀರನ್ನು ಅಂಜುತ್ತಂಜುತ್ತ, ಹನಿಹನಿಯಾಗಿ ಹಾಕಿದೆ. ಅಷ್ಟರಲ್ಲಿ ಅದು ಆರಿತು. ಹಿಟ್ಟು ಕೂಡಿಕೊಳ್ಳದೆ ಮರಳಿನಂತೆ ಉದುರಿತು. ಸಿಫೂ ಏನನ್ನೂ ಹೇಳಲಿಲ್ಲ. ಬಟ್ಟಲನ್ನು ತೆಗೆದುಕೊಂಡು ಹೋಗಿ ಬರಿದು ಮಾಡಿ, ಹೊಸ ಹಿಟ್ಟು ಹಾಕಿ ಮತ್ತೆ ನನ್ನ ಮುಂದಿಟ್ಟರು. ಎರಡನೆಯ ಸಲ ಕಣ್ಣು ಮುಚ್ಚಿ ಸುರಿದೆ. ಬಟ್ಟಲಿನಿಂದ ಮೇಲೆದ್ದ ಹಬೆಯ ವಾಸನೆಗೆ ನಾನು ಬೆಚ್ಚಿದೆ. ಅದು ನನಗೆ ಗೊತ್ತಿದ್ದ ವಾಸನೆ. ಗಣೇಶನ ಹಬ್ಬದ ಬೆಳಗ್ಗೆ ನಮ್ಮ ಮನೆಯಲ್ಲಿ ಅಕ್ಕಿಹಿಟ್ಟನ್ನು ಉಕ್ಕರಿಸುವಾಗ ನಡುಮನೆಯವರೆಗೂ ಬರುತ್ತಿದ್ದ, ಬೆಂದ ಹಿಟ್ಟಿನ ವಾಸನೆ. ಧಾನ್ಯ ಬೇರೆ, ದೇಶ ಬೇರೆ. ಉಪಾಯ ಮಾತ್ರ ಒಂದೇ.

ಆ ಹಿಟ್ಟನ್ನು ಲಟ್ಟಿಸುವುದು ಲಟ್ಟಣಿಗೆಯಿಂದಲ್ಲ. ಎಣ್ಣೆ ಸವರಿದ ಅಗಲವಾದ ಕತ್ತಿಯನ್ನು ಮಲಗಿಸಿ, ಉಂಡೆಯ ಮೇಲೆ ಒತ್ತಿ ಒಂದು ಸುತ್ತು ತಿರುಗಿಸಿದರೆ ಕಾಗದದಂಥ ಬಿಲ್ಲೆ ಬರುತ್ತದೆ. ಅದರೊಳಗೆ ಹೂರಣವಿಟ್ಟು ಒಂದೇ ಮಗ್ಗುಲಿಗೆ ನಿರಿಗೆ ಹಿಡಿಯಬೇಕು. ಏಳಕ್ಕೆ ಕಡಿಮೆಯಾದರೆ ಕಸುಬಿಗೆ ಅವಮಾನ. ಹತ್ತು ದಾಟಿದರೆ ಮೆಚ್ಚುಗೆ. ನನ್ನದು ನಾಲ್ಕಕ್ಕೆ ನಿಂತಿತು.

ಆಮೇಲೆ 'ಬಾವ್', ಎಂದರೆ ಹಬೆಯ ಬನ್ನು. ಈ ಶಬ್ದಕ್ಕೆ ಸುತ್ತಿಕಟ್ಟುವುದು ಎಂಬ ಅರ್ಥವೂ ಇದೆ. ಇದಕ್ಕೆ ಕಣಕ ಬೇರೆ: ಮೃದುವಾದ ಗೋಧಿಹಿಟ್ಟು, ಸಕ್ಕರೆ, ಹುದುಗು, ಕೊಂಚ ಸೋಡದ ಪುಡಿ. ಬನ್ನಿನ ನೆತ್ತಿ ಹೂವಿನಂತೆ ಬಿರಿದರೆ ಅದು ಲಕ್ಷಣ. ಬಿರಿಯಬೇಕಾದರೆ ಹಬೆ ಮೊದಲಿನಿಂದಲೇ ಜೋರಾಗಿರಬೇಕು. ನೀರು ಕುದಿಯುವ ಮುನ್ನ ಬುಟ್ಟಿಯನ್ನಿಟ್ಟರೆ ಬನ್ನು ಸೋಮಾರಿಯಂತೆ ಮಲಗಿಬಿಡುತ್ತದೆ. ಬುಟ್ಟಿ ಬಿದಿರಿನದೇ ಏಕೆಂಬುದಕ್ಕೂ ಕಾರಣವುಂಟು. ಲೋಹದ ಮುಚ್ಚಳದಲ್ಲಿ ಹಬೆ ನೀರಾಗಿ ಕೆಳಗೆ ತೊಟ್ಟಿಕ್ಕಿ ಬನ್ನಿನ ಮೈಯಲ್ಲಿ ಕಲೆ ಬೀಳಿಸುತ್ತದೆ. ಹೆಣೆದ ಬಿದಿರು ಆ ತೇವವನ್ನು ಹೀರಿಕೊಂಡು, ಹೆಚ್ಚಾದ ಹಬೆಯನ್ನು ಹೊರಕ್ಕೆ ಬಿಡುತ್ತದೆ.

ಬನ್ನಿನ ಬಾಯಿ ಕಟ್ಟುವುದರಲ್ಲಿ ನಾನು ಸಂಪೂರ್ಣವಾಗಿ ಸೋತೆ. ಒಂದರ ಬಾಯಿ ತೆರೆದೇ ಉಳಿಯಿತು, ಇನ್ನೊಂದರ ಪಕ್ಕೆ ಒಡೆದು ಹೂರಣ ಹೊರಬಂತು. ನಿರಿಗೆ ಹಿಡಿಯುವ ಬಲಗೈಯ ಬೆರಳುಗಳನ್ನೇ ದಿಟ್ಟಿಸುತ್ತ ಒದ್ದಾಡುತ್ತಿದ್ದೆ. ಸಿಫೂ ಬಂದು ನನ್ನ ಬಲಗೈಯನ್ನು ಹಿಡಿದು ಅಲುಗದಂತೆ ನಿಲ್ಲಿಸಿದರು, ಎಡಗೈಯನ್ನು ತಟ್ಟಿದರು. ಮಗಳು ಅನುವಾದಿಸಿದಳು: "ಬಲಗೈ ಇದ್ದಲ್ಲೇ ಇರಬೇಕಂತೆ ಅಪ್ಪ. ತಿರುಗಬೇಕಾದ್ದು ಎಡಗೈಯಂತೆ. ಹೂರಣವನ್ನು ಒಳಗೆ ಅದುಮಿ ಹಿಡಿಯುವುದು ಎಡಗೈಯ ಹೆಬ್ಬೆರಳಂತೆ."

ಕೆಲಸ ಮಾಡುತ್ತಿರುವಂತೆ ತೋರುವ ಕೈಯೊಂದು, ನಿಜವಾಗಿ ಮಾಡುವ ಕೈ ಇನ್ನೊಂದು. ಐದನೆಯ ಬನ್ನು ಮುಚ್ಚಿಕೊಂಡಿತು.

ತಿನ್ನಲು ಕುಳಿತಾಗ ಮನಸ್ಸಿನಲ್ಲಿದ್ದ ಸಂಶಯವನ್ನು ಕೇಳಿಯೇಬಿಟ್ಟೆ. ಮೂರು ಗಂಟೆಯಲ್ಲಿ ಯಾರಾದರೂ ಏನನ್ನಾದರೂ ಕಲಿಯುತ್ತಾರೆಯೆ? ಇದು ಪ್ರವಾಸಿಗಳ ವಿನೋದವಷ್ಟೆ ಅಲ್ಲವೆ? ಸಿಫೂ ನಕ್ಕರು. ತಾವು ಕೆಲಸಕ್ಕೆ ಸೇರಿದ ಮೊದಲ ವರ್ಷವೆಲ್ಲ ಬುಟ್ಟಿ ತೊಳೆದದ್ದು, ತರಕಾರಿ ಹೆಚ್ಚಿದ್ದು ಅಷ್ಟೇ. ಹಿಟ್ಟು ಮುಟ್ಟಲು ಬಿಡಲಿಲ್ಲ ಎಂದರು. ಈಗ ಎಷ್ಟೋ ಕಡೆ ತಿಂಡಿ ಕಾರ್ಖಾನೆಯಿಂದ ಹಿಮಗಟ್ಟಿ ಬರುತ್ತದೆ, ಅಂಗಡಿಯಲ್ಲಿ ಬಿಸಿ ಮಾಡುವುದಷ್ಟೇ ಉಳಿದಿದೆ. ಬೆಳಗಿನ ಜಾವಕ್ಕೆ ಎದ್ದು ಬಂದು ಕಲಿಯುವ ಹುಡುಗರು ಕಡಿಮೆ ಎಂದರು. "ನೀವು ಕಲಿತಿರೆಂದು ನಾನು ಹೇಳುವುದಿಲ್ಲ. ಆದರೆ ನಾಳೆ ಚಹಾ ಮಂದಿರದಲ್ಲಿ ಬುಟ್ಟಿ ಬಂದಾಗ ತಿನ್ನುವ ಮುಂಚೆ ನಿರಿಗೆ ಎಣಿಸುತ್ತೀರಿ" ಎಂದರು. ಮರುದಿನ ನಾನು ಎಣಿಸಿದ್ದು ನಿಜ. ಹನ್ನೊಂದಿದ್ದವು.

ಇಂಥ ತರಗತಿಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ಹೇಳಬೇಕು. ಕಣಕ, ಹೂರಣ ಎರಡನ್ನೂ ಮೊದಲೇ ಸಿದ್ಧಪಡಿಸಿಟ್ಟು, ಬಂದವರ ಕೈಯಲ್ಲಿ ಎರಡು ನಿರಿಗೆ ಹಿಡಿಸಿ, ಫೋಟೋ ತೆಗೆದು ಕಳಿಸುವ ಕಡೆಗಳೂ ಇರುತ್ತವೆ. ಹಿಟ್ಟನ್ನು ನಮ್ಮ ಕೈಯಲ್ಲೇ ಕಲಸಿಸುತ್ತಾರೆಯೆ, ಕೆಟ್ಟರೆ ಮತ್ತೆ ಮಾಡಿಸುತ್ತಾರೆಯೆ ಎಂಬುದೇ ಪರೀಕ್ಷೆ. ಕೆಡಿಸಲು ಅವಕಾಶವಿಲ್ಲದ ತರಗತಿ ತರಗತಿಯಲ್ಲ; ಕಾಲೇಜಿಗೂ ಇದು ಅನ್ವಯಿಸುವ ಮಾತು. ಸಸ್ಯಾಹಾರಿಗಳು ಹೋಗುವುದಾದರೆ ಕಾಯ್ದಿರಿಸುವಾಗಲೇ ಬಿಡಿಸಿ ಹೇಳಬೇಕು. ಬನ್ನಿನ ಕಣಕಕ್ಕೆ ಹಂದಿಯ ಕೊಬ್ಬು ಸೇರುವುದುಂಟು; ಮೂಲಂಗಿಯ ಹಲ್ಲೆಯಲ್ಲಿ ಒಣಸಿಗಡಿ ಇರುತ್ತದೆ; ತರಕಾರಿಯ ಪಲ್ಯಕ್ಕೂ ಸಿಂಪಿಯ ರಸ ಬಿದ್ದಿರಬಹುದು.

ಮುಂದಿನ ವಾರ ಮಗಳು ನನ್ನನ್ನು ಚುಂಗ್ ಚಾವ್ ಎಂಬ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದಳು. ಚಾಂದ್ರಮಾನದ ನಾಲ್ಕನೆಯ ತಿಂಗಳ ಎಂಟನೆಯ ದಿನದ ಸುಮಾರಿಗೆ ಅಲ್ಲಿ ಬನ್ನುಗಳ ಜಾತ್ರೆ. ಆಗ ದ್ವೀಪದವರು ಮಾಂಸ ಬಿಡುತ್ತಾರೆ. ಎತ್ತರದ ಗೋಪುರಗಳಿಗೆ ಬನ್ನು ಕಟ್ಟಿ, ನಡುರಾತ್ರಿ ಯುವಕರು ಹತ್ತಿ ಕೀಳುತ್ತಿದ್ದರು. 1978ರಲ್ಲಿ ಗೋಪುರ ಕುಸಿದು ಹಲವರಿಗೆ ಗಾಯವಾಯಿತು, ಸ್ಪರ್ಧೆ ನಿಂತಿತು. 2005ರಲ್ಲಿ ತರಬೇತಿ, ಹಗ್ಗಗಳ ಕಟ್ಟುಪಾಡಿನೊಂದಿಗೆ ಮತ್ತೆ ಮೊದಲಾಯಿತು. 2007ರಿಂದ ಹತ್ತುವ ಗೋಪುರದ ಬನ್ನು ಪ್ಲಾಸ್ಟಿಕ್ಕಿನದು. ತಿನ್ನುವ ಬನ್ನು ಮಾತ್ರ ಇಂದಿಗೂ ಬಿಳಿಯ ಹಿಟ್ಟಿನದೇ. ನೆತ್ತಿಯ ಮೇಲೆ 'ಕ್ಷೇಮ' ಎಂಬರ್ಥದ ಎರಡು ಕೆಂಪು ಅಕ್ಷರಗಳ ಮುದ್ರೆ. ಎಳ್ಳಿನ ಹೂರಣದ ಒಂದನ್ನು ಕೊಂಡೆ. ಅಕ್ಷರದಿಂದ ಹೊಟ್ಟೆ ಹೊರೆದವನಿಗೆ ಅಕ್ಷರವನ್ನೇ ತಿನ್ನುವ ಯೋಗ ಬಂದದ್ದು ಅಂದೇ.

ಈಗ ಹೇಳಬೇಕೆಂದಿದ್ದ ಕೊನೆಯ ಮಾತು. ನನ್ನ ಹೆಂಡತಿಯ ತವರು ಕಾರವಾರದ ಕಡೆ. ಗಣೇಶನ ಹಬ್ಬಕ್ಕೆ ಅವಳು ಹಬೆಯ ಮೋದಕ ಮಾಡುತ್ತಿದ್ದಳು, ಅದಕ್ಕೂ ನಿರಿಗೆಯೇ. ನಾನು ನಡುಮನೆಯಲ್ಲಿ ಕುಳಿತು, ಬಂದದ್ದನ್ನು ತಿಂದು, "ಈ ಸಲ ಬೆಲ್ಲ ಸ್ವಲ್ಪ ಮುಂದಾಯಿತು" ಎಂದು ವಿಮರ್ಶೆ ಹೇಳುತ್ತಿದ್ದೆ. ಒಂದಕ್ಕೆ ಎಷ್ಟು ನಿರಿಗೆಯಿತ್ತೆಂದು ಒಮ್ಮೆಯೂ ನೋಡಲಿಲ್ಲ. ಅವಳು ಹೋದ ಮೇಲೆ ಎರಡು ಹಬ್ಬ ಅಂಗಡಿಯ ಮೋದಕದಲ್ಲೇ ಕಳೆದವು.

2024ರ ಹಬ್ಬಕ್ಕೆ ನಾನೇ ಹಿಟ್ಟು ಉಕ್ಕರಿಸಿದೆ. ನೀರನ್ನು ಅಂಜದೆ ಸುರಿದೆ. ಬಲಗೈಯನ್ನು ನಿಲ್ಲಿಸಿ ಎಡಗೈಯನ್ನು ತಿರುಗಿಸಿದೆ. ಇಪ್ಪತ್ತೊಂದು ಆಗಬೇಕಿತ್ತು, ಹದಿಮೂರು ಆದವು, ನಾಲ್ಕು ಹಬೆಯಲ್ಲಿ ಬಾಯಿ ಬಿಟ್ಟವು. ಒಂಬತ್ತು ನೈವೇದ್ಯಕ್ಕೆ ನಿಂತವು. ಸಂಜೆ ಮಗಳು ಫೋನಿನ ಪರದೆಯಲ್ಲಿ ಅವನ್ನು ನೋಡಿ, "ಅಮ್ಮ ಮಾಡಿದ ಹಾಗಿಲ್ಲ ಅಪ್ಪ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿರಿಗೆ ಎಷ್ಟು ಬಂತು?" ಎಂದು ಕೇಳಿದಳು.

ಆರು ಎಂದೆ. ಅವಳಮ್ಮ ಎಷ್ಟು ಹಿಡಿಯುತ್ತಿದ್ದಳೆಂದು ಅವಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಕೇಳುತ್ತಿರುವ ನಿಮ್ಮ ಮನೆಯಲ್ಲಿ ಕಡುಬು ಕಟ್ಟುವ ಕೈ ಇದ್ದರೆ ಈ ಹಬ್ಬಕ್ಕೆ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಮಾಡಲು ಬಾರದಿದ್ದರೂ ಚಿಂತೆಯಿಲ್ಲ, ಎಣಿಸಿಟ್ಟುಕೊಳ್ಳಿ.

(ಬಾನುಲಿ ಭಾಷಣ)