ಪಿಎಚ್.ಡಿ. ಆದಮೇಲೂ ದಾರಿ ಇದೆ
(ವಡ್ಡುವಿನಲ್ಲಿ ತರುಣರ ಮುಂದೆ ಆಡಿದ ಮಾತಿನ ಬರಹರೂಪ)



ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ನಮ್ಮ ಹುಡುಗ ಹುಡುಗಿಯರಿಗೆ ಊರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಮುಂದೇನು? ಕಾಲೇಜಲ್ಲಿ ಪಾಠ ಹೇಳ್ತೀಯೋ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅರ್ಜಿ ಹಾಕ್ತೀಯೋ?" ಎರಡೂ ಗೌರವದ ಕೆಲಸವೇ. ಆದರೆ ಮೂರನೆಯ ದಾರಿಯೊಂದಿದೆ. ಅದನ್ನು ಕನ್ನಡದಲ್ಲಿ ಹೇಳುವವರು ಕಡಿಮೆ.

ಆಕಾಶದಿಂದ ಬರುವ ಬೆಳಕಿನಲ್ಲೆಲ್ಲ ಅತಿ ಬಲಶಾಲಿಯಾದದ್ದು ಗಾಮಾ ಕಿರಣ. ಸಿಡಿದ ನಕ್ಷತ್ರಗಳ ಅವಶೇಷಗಳಿಂದ, ಪಲ್ಸಾರ್‌ಗಳಿಂದ, ದೂರದ ಗೆಲಾಕ್ಸಿಗಳ ಒಡಲಿನಿಂದ ಅದು ಹೊರಡುತ್ತದೆ. ನೆಲ ಮುಟ್ಟುವುದಿಲ್ಲ, ಮೇಲಿನ ಗಾಳಿಗೆ ಬಡಿದು ಕಣಗಳ ಮಳೆಯಾಗುತ್ತದೆ. ಗಾಳಿಯಲ್ಲಿ ಬೆಳಕಿಗಿರುವ ವೇಗವನ್ನೂ ಮೀರಿ ಆ ಕಣಗಳು ಓಡುವಾಗ ನೀಲಿ ಬೆಳಕೊಂದು ಮಿಂಚುತ್ತದೆ. ಅದರ ಆಯುಷ್ಯ ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ!

ಆ ಮಿಂಚನ್ನು ಹಿಡಿಯಲು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4300 ಮೀಟರ್ ಎತ್ತರದಲ್ಲಿ, 2008ರಲ್ಲಿ 'ಹಗಾರ್' ಎಂಬ ಏಳು ದೂರದರ್ಶಕಗಳ ಗುಂಪು ಸಿದ್ಧವಾಯಿತು. ಕಟ್ಟಿದವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. 2024ರಲ್ಲಿ ಅಲ್ಲೇ 21 ಮೀಟರ್ ಅಗಲದ 'ಮೇಸ್' ದೂರದರ್ಶಕವೂ ಉದ್ಘಾಟನೆಯಾಯಿತು.

ಯಂತ್ರ ನಿಲ್ಲಿಸಿದರೆ ಸಾಲದು. ಅದು ಕೊಡುವ ಅಂಕಿಗಳನ್ನು ಜರಡಿ ಹಿಡಿಯುವ ತಲೆಗಳು ಬೇಕು. ಪಿಎಚ್.ಡಿ. ಮುಗಿಸಿದವರು ಈ ಕೆಲಸಕ್ಕೆ ಸೇರುವುದನ್ನೇ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ಅವಧಿ. ತಿಂಗಳು ತಿಂಗಳು ಫೆಲೋಶಿಪ್. ಖಾಯಂ ನೌಕರಿಯಲ್ಲ, ಇದನ್ನು ಮೊದಲೇ ತಿಳಿದಿರಿ. ಇಲ್ಲಿ ನೋಡುವುದು ನೀವು ಪ್ರಕಟಿಸಿದ ಪ್ರಬಂಧ, ಮುಂದೆ ಮಾಡಲಿರುವ ಕೆಲಸದ ವಿವರ, ಗುರುಗಳ ಶಿಫಾರಸು ಪತ್ರ. ಅದಕ್ಕೆ ಮುಂಚಿನ ಮೆಟ್ಟಿಲಾದ ಪಿಎಚ್.ಡಿ.ಗೆ ಜೆಸ್ಟ್, ನೆಟ್‌ನಂಥ ಪರೀಕ್ಷೆಗಳಿವೆ. ಎಂ.ಎಸ್ಸಿ. ಓದುವಾಗಲೇ ತಯಾರಾಗಿ.

ಇದೆಲ್ಲ ದೊಡ್ಡ ಊರಿನವರಿಗೆ ಅನ್ನುತ್ತೀರಾ? ಕೇಳಿ. ಉಡುಪಿ ಬಳಿಯ ಆದಮಾರಿನಲ್ಲಿ 1932ರಲ್ಲಿ ಹುಟ್ಟಿದ ಒಬ್ಬ ಹುಡುಗ ಇಂಟರ್‌ಮೀಡಿಯೆಟ್ ಓದಿದ್ದು ಇದೇ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. ಆಮೇಲೆ ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿಯವರ ಬಳಿ ಪಿಎಚ್.ಡಿ.; ವಿಷಯ, ಗಾಮಾ ಕಿರಣದ ನೆಂಟನಾದ ಕಾಸ್ಮಿಕ್ ಕಿರಣ. ಅಲ್ಲಿಂದ ಅಮೆರಿಕದ ಎಂ.ಐ.ಟಿ.ಯಲ್ಲಿ ಪೋಸ್ಟ್‌ಡಾಕ್ಟರಲ್ ಸಂಶೋಧನೆ. ಅಲ್ಲೇ ಬೇರು ಬಿಡಲಿಲ್ಲ, 1966ರಲ್ಲಿ ತಿರುಗಿ ಬಂದರು. ಅವರೇ ಯು.ಆರ್. ರಾವ್! 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿಸಿದವರು. ಸೂರ್ಯನ ಗಾಮಾ ಕಿರಣಗಳನ್ನು ಅಳೆಯುವ ಉಪಕರಣವೂ ಅದರಲ್ಲಿತ್ತು.

ಬೆಂಗಳೂರಿನ ಗೆಳೆಯರೆ, ಕೋರಮಂಗಲದಲ್ಲಿ ಆ ಸಂಸ್ಥೆಯ ಗೇಟಿನ ಮುಂದೆ ಎಷ್ಟು ಸಲ ಓಡಾಡಿಲ್ಲ ನೀವು? ಒಳಗೆ ನಮಗೂ ಜಾಗವಿದೆ ಎಂದು ಒಮ್ಮೆಯಾದರೂ ಅನ್ನಿಸಿದೆಯೆ? ಜಾಹೀರಾತು ಇಂಗ್ಲಿಷಿನಲ್ಲಿದೆಯೆಂದು ಹಿಂಜರಿಯಬೇಡಿ. ಓದಿ, ಅರ್ಜಿ ಹಾಕಿ, ಸೇರಿ. ಸೇರಿದವರು ಸುಮ್ಮನಿರಬೇಡಿ. ದಾರಿ ಹೇಗಿತ್ತೆಂದು ವಡ್ಡು, ಸಂಡೂರು, ಕಂಪ್ಲಿಯ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಬಂದು ಹೇಳಿ. ಒಬ್ಬರು ಹೇಳಿದರೆ ಹತ್ತು ಜನ ಹೊರಡುತ್ತಾರೆ.