ಪತ್ರಿಕೆಯ ಮಾತು, ಆನೆಯ ಹೆಸರು



ಆನೆಯೊಂದು ಊರಂಚಿಗೆ ಬಂದರೆ ಪತ್ರಿಕೆಗಳು ‘ಪುಂಡಾನೆಯ ದಾಂಧಲೆ’ ಎಂದು ಬರೆಯುವುದನ್ನು ನಾವು ಓದಿದ್ದೇವೆ. ‘ಪುಂಡ’ ಎಂಬ ವಿಶೇಷಣವೊಂದೇ ಆ ಪ್ರಾಣಿಯನ್ನು ವಿಚಾರಣೆಯಿಲ್ಲದೆ ಅಪರಾಧಿಯನ್ನಾಗಿಸುತ್ತದೆ. ತರಗತಿಯಲ್ಲಿ ನಾವೂ ಆ ಪದವನ್ನಾಡಿದ್ದುಂಟು.

ವಾಲ್ಪಾರೈಯ ಚಹಾ ತೋಟಗಳ ನಡುವೆ ಅಳಿದುಳಿದ ಕಾಡಿನಿಂದ ಕಾಡಿಗೆ ಆನೆಗಳು ಸಾಗುತ್ತವೆ. ಅವು ಬೀಡುಬಿಟ್ಟ ಸ್ಥಳವನ್ನು ಸುತ್ತಲಿನ ನಿವಾಸಿಗಳ ಮೊಬೈಲಿಗೆ ತಿಳಿಸುವ ಕಾರ್ಯವನ್ನು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು 2011ರಲ್ಲಿ ಆರಂಭಿಸಿದರು. ಕೆಂಪು ದೀಪಗಳನ್ನೂ ನಿಲ್ಲಿಸಿದರು. ಆ ಸಂದೇಶದಲ್ಲಿ ಆನೆಯಿರುವ ಠಾವಿನ ಹೆಸರಿರುತ್ತದೆ.

ಭಯವೇ ಸುಳ್ಳೆಂದು ನಾವು ಹೇಳಲಾರೆವು. ಇಲ್ಲಿ ಜೀವಹಾನಿಯಾಗಿದೆ, ಆ ಮನೆಗಳ ದುಃಖಕ್ಕೆ ಯಾವ ಪದವೂ ಸಾಲದು. ಆದರೆ ‘ದಾಂಧಲೆ’ಯನ್ನು ಓದಿದವನು ಕಲ್ಲೆತ್ತಿಕೊಂಡು ಹೊರಗೋಡುತ್ತಾನೆ, ಠಾವನ್ನರಿತವನು ಮಕ್ಕಳನ್ನು ಒಳಕ್ಕೆ ಕರೆದು ಬಾಗಿಲಿಕ್ಕುತ್ತಾನೆ.